ಜೊತೆಗೂಡಿ ಹಾಡುವುದು: ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವು ಒಂದಷ್ಟು ಜನ ಭಾನುವಾರ ಸಂಜೆ ಸೇರಿ ಹಾಡುತ್ತೇವೆ. ಮೇಷ್ಟ್ರುಗಳು, ಅಂಗನವಾಡಿ ಕಾರ್ಯಕರ್ತೆಯರು, ಗಾರೆ ಕೆಲಸದವರು, ಕಾಲೇಜು ಹುಡುಗ ಹುಡುಗಿಯರು, ರಿಟೈರ್ ಆದವರು ಎಲ್ಲರೂ ಇದ್ದಾರೆ. ಬಳಗಕ್ಕೆ ಹೆಸರಿಲ್ಲ, ಬ್ಯಾನರೂ ಇಲ್ಲ. ಆದರೂ ಸುದ್ದಿ ಹೇಗೋ ಹರಡಿದೆ. ಸಕಲೇಶಪುರ, ಅರಸೀಕೆರೆ, ಕಡೂರು, ಕೊಪ್ಪ ಕಡೆಯಿಂದ ಫೋನ್ ಮಾಡಿ ‘ನಮ್ಮೂರಲ್ಲೂ ಶುರು ಮಾಡಬೇಕು, ಹೇಗೆ’ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಫೋನಿನಲ್ಲಿ ಎಲ್ಲ ಹೇಳಿ ಮುಗಿಸುವುದು ಕಷ್ಟ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ನನಗೆ ಹಾಡಲು ಬರುವುದಿಲ್ಲ. ನಾನೂ ಬರಬಹುದಾ?

ಬನ್ನಿ. ನಮ್ಮಲ್ಲಿಗೆ ಬಂದವರಲ್ಲಿ ಈ ಮಾತು ಹೇಳದವರೇ ಕಡಿಮೆ. ಹೀಗೆ ಹೇಳುವವರನ್ನು ಸ್ವಲ್ಪ ಕೆದಕಿದರೆ ಒಂದು ಹಳೇ ನೋವು ಹೊರಗೆ ಬರುತ್ತದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಯಾರೋ ‘ನೀನು ಸುಮ್ನೆ ತುಟಿ ಆಡಿಸು ಸಾಕು’ ಎಂದಿರುತ್ತಾರೆ. ಅವತ್ತು ಮುಚ್ಚಿದ ಬಾಯಿ ಮೊಮ್ಮಕ್ಕಳಾದರೂ ತೆರೆದಿರುವುದಿಲ್ಲ.

ಸ್ವರ ಮೇಲೆ ಹೋಯಿತೋ ಕೆಳಗೆ ಬಂತೋ ಎಂಬುದೇ ತಿಳಿಯದ ಕಿವಿ ಬಹಳ ಅಪರೂಪ. ಉಳಿದವರಿಗೆ ಇರುವುದು ಅಭ್ಯಾಸದ ಕೊರತೆ, ಮತ್ತು ಒಂದಿಷ್ಟು ನಾಚಿಕೆ. ಗುಂಪಿನಲ್ಲಿ ಎರಡೂ ತಾವಾಗಿಯೇ ಕಡಿಮೆಯಾಗುತ್ತವೆ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಹೀಗೆ ಸೊಲ್ಲು ಹಿಡಿಯುವುದಕ್ಕೆ ಪುಸ್ತಕ ಬೇಡ, ಓದು ಬರಹವೂ ಬೇಡ. ಮೊದಲೆರಡು ವಾರ ಬರೀ ಸೊಲ್ಲು ಹೇಳಿ. ಪಕ್ಕದವರ ದನಿ ನಿಮ್ಮ ದನಿಯನ್ನು ಎಳೆದುಕೊಂಡು ಹೋಗುತ್ತದೆ.

ಅಂದರೆ ಇದು ಸಂಗೀತದ ಕ್ಲಾಸಾ?

ಅಲ್ಲ. ಕಲಿಯಬೇಕು ಅಂದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಒಂದು ಸಣ್ಣ ಊರು. ಕರ್ನಾಟಕ ಸಂಗೀತದ ಗಾಯಕರಾದ ಆರ್.ಕೆ. ಶ್ರೀಕಂಠನ್ ಅಲ್ಲಿನವರು, ರುದ್ರಪಟ್ಟಣಂ ಸೋದರರು ಅಲ್ಲಿನವರು. ಸಪ್ತಸ್ವರಗಳಿಗೆ ತಂಬೂರಿಯ ಆಕಾರದಲ್ಲಿ ಗುಡಿ ಕಟ್ಟಿದ ಊರು ಅದು. ಅಂಥ ಸಾಧನೆ ಬೇರೆ, ನಾವು ಮಾಡುವುದು ಬೇರೆ. ನಮ್ಮಲ್ಲಿ ಕಛೇರಿ ಮಟ್ಟದವರು ಒಬ್ಬಿಬ್ಬರು ಬರುತ್ತಾರೆ. ಅವರಿಗೆ ನಾವು ಹೇಳುವುದು ಒಂದೇ: ದಯವಿಟ್ಟು ಸಂಗತಿ ಹಾಕಬೇಡಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಹಾಡಬೇಡಿ, ಉಳಿದವರು ಗಾಬರಿಯಾಗುತ್ತಾರೆ.

ಒಟ್ಟಿಗೆ ಹಾಡಿದರೆ ನಿಜಕ್ಕೂ ಏನಾದರೂ ಆಗುತ್ತದಾ, ಅಥವಾ ಇದೆಲ್ಲ ಭಾವುಕ ಮಾತಾ?

ಆಗುತ್ತದೆ. ಅಳೆದು ನೋಡಿದವರಿದ್ದಾರೆ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸಂಶೋಧಕರು ಹದಿನೆಂಟರ ವಯಸ್ಸಿನ ಹುಡುಗ ಹುಡುಗಿಯರನ್ನು ಒಟ್ಟಿಗೆ ಹಾಡಿಸಿ ಅವರ ಎದೆಬಡಿತ ಗಮನಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಒಂದೇ ಹಾಡು ಹಾಡುವಾಗ ಎಲ್ಲರೂ ಒಂದೇ ಜಾಗದಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಒಂದೇ ಜಾಗದಲ್ಲಿ ಬಿಡುತ್ತಾರೆ. ಉಸಿರಿನ ಜೊತೆಗೇ ಎದೆಬಡಿತವೂ ಏರಿಳಿಯುವುದರಿಂದ, ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಎದೆಬಡಿತದ ಏರಿಳಿತ ಒಂದೇ ಲಯಕ್ಕೆ ಬರುತ್ತದೆ. ನಿಧಾನದ, ಉದ್ದುದ್ದ ಸಾಲಿನ ಹಾಡಿನಲ್ಲಿ ಇದು ಇನ್ನೂ ಚೆನ್ನಾಗಿ ಕಂಡಿತು. ನಮ್ಮ ಅಜ್ಜಿಯರ ಬೀಸುವ ಪದಗಳು ನಿಧಾನವಾಗಿ ಯಾಕಿದ್ದವು ಎಂದು ನನಗೆ ಇದನ್ನು ಓದಿದಾಗ ಹೊಳೆಯಿತು. ಎದುರುಬದುರು ಕೂತು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುವ ಇಬ್ಬರ ಉಸಿರು ಹೊಂದದಿದ್ದರೆ ರಾಗಿ ಹೇಗೆ ನುಣ್ಣಗಾಗಬೇಕು?

ಇನ್ನೊಂದು ಅಧ್ಯಯನ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಂಶೋಧಕರದು, 2015ರದು. ಹೊಸದಾಗಿ ಕಲಿಯಲು ಬಂದವರಲ್ಲಿ ಕೆಲವರು ಹಾಡಿನ ತರಗತಿಗೆ, ಇನ್ನು ಕೆಲವರು ಕರಕುಶಲ ಮತ್ತು ಬರವಣಿಗೆ ತರಗತಿಗಳಿಗೆ ಸೇರಿದ್ದರು. ಏಳು ತಿಂಗಳು ಇವರನ್ನೆಲ್ಲ ಗಮನಿಸಿದರು. ಹಾಡಿನ ಗುಂಪಿನವರು ಬಹಳ ಬೇಗ ಒಬ್ಬರಿಗೊಬ್ಬರು ಹತ್ತಿರವಾದರು. ಆದರೆ ಏಳು ತಿಂಗಳ ಕೊನೆಗೆ ಮೂರೂ ಗುಂಪುಗಳ ಒಡನಾಟ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು. ನನಗೆ ಈ ಅಧ್ಯಯನ ಇಷ್ಟ, ಯಾಕೆಂದರೆ ಅದು ಹಾಡನ್ನು ಸುಮ್ಮನೆ ಹೊಗಳುವುದಿಲ್ಲ. ಜೊತೆಯಲ್ಲಿ ಬುಟ್ಟಿ ಹೆಣೆದರೂ ಸ್ನೇಹ ಬೆಳೆಯುತ್ತದೆ. ಹಾಡಿಗೆ ಇರುವ ಲಾಭ ವೇಗ. ಪರಿಚಯವೇ ಇಲ್ಲದ ಜನರನ್ನು ಒಂದು ಸಂಜೆಯಲ್ಲಿ ಸಲೀಸಾಗಿ ಕೂರಿಸಬೇಕು ಅಂದರೆ ಹಾಡು ಕೆಲಸಕ್ಕೆ ಬರುತ್ತದೆ. ಆಮೇಲೆ ಆ ಸಲಿಗೆಯನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ಮುಂದಿನ ಎಷ್ಟೋ ಉತ್ತರಗಳಲ್ಲಿ ಇದೇ ಮಾತು ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇದು ಹೊರಗಿನವರ ‘ಕಾಯರ್’ ಥರದ್ದು ಅಲ್ವಾ? ನಮ್ಮಲ್ಲಿ ಎಲ್ಲಿತ್ತು?

ನಮ್ಮಲ್ಲಿ ಇಲ್ಲದ ಕಾಲವೇ ಇರಲಿಲ್ಲ. ನಾಟಿ ಗದ್ದೆಯಲ್ಲಿ ಸಾಲು ಹಿಡಿದ ಹೆಂಗಸರು ಹಾಡುತ್ತಿದ್ದರು. ಮದುವೆ ಮನೆಯಲ್ಲಿ ಸೋಬಾನೆ ಇತ್ತು. ಧನುರ್ಮಾಸದಲ್ಲಿ ಬೆಳಗಿನ ಜಾವ ತಾಳ ಹಿಡಿದು ಬೀದಿ ಸುತ್ತುವ ಭಜನೆಯವರು ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಇದ್ದಾರೆ. ಬಯಲುಸೀಮೆ ಕಡೆ ಹೋದರೆ ಏಕತಾರಿ, ದಮ್ಮಡಿ ಹಿಡಿದ ತತ್ವಪದದವರು ಸಿಗುತ್ತಾರೆ. ಮೂಡಿಗೆರೆ, ಸಕಲೇಶಪುರದ ಹಳ್ಳಿಗಳಲ್ಲಿ ಸುಗ್ಗಿ ಬಂತೆಂದರೆ ಬೆಂಗಳೂರಿಗೆ ಹೋದ ಹುಡುಗರೂ ರಜೆ ಹಾಕಿ ಬಂದು ಕುಣಿಯುತ್ತಾರೆ.

ನನಗೆ ಬಹಳ ಇಷ್ಟವಾದದ್ದು ಅಂಟಿಗೆ-ಪಂಟಿಗೆ. ಕೊಪ್ಪ, ಶೃಂಗೇರಿ ಕಡೆಯ ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ತಂಡ ಒಂದು ದೀಪ ಹಚ್ಚಿಕೊಂಡು ಮನೆಮನೆಗೆ ಹಾಡುತ್ತಾ ಹೋಗುತ್ತದೆ. ಅಲ್ಲಿ ಮನೆಗಳು ದೂರ ದೂರ. ಒಂದು ಗದ್ದೆ ಬಯಲು ದಾಟಿದರೆ ಒಂದು ಮನೆ. ಕತ್ತಲೆ, ಕೆಸರು, ಜಿಗಣೆ. ಅದರ ಮಧ್ಯೆ ದೀಪ ಆರದಂತೆ ನೋಡಿಕೊಂಡು ನಡೆಯಬೇಕು. ಬಾಗಿಲಲ್ಲಿ ನಿಂತು ಹಾಡಿ ಎಬ್ಬಿಸುತ್ತಾರೆ, ಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತಾರೆ, ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ. ವರ್ಷವಿಡೀ ಮಾತುಕತೆ ಇಲ್ಲದ ಮನೆಯ ಮುಂದೆಯೂ ದೀಪ ಹೋಗಿ ನಿಲ್ಲಲೇಬೇಕು, ಅಲ್ವಾ? ಜಗಳ ಆಡಿದವನ ಮನೆಗೆ ಹೋಗುವುದಕ್ಕೆ ಇದಕ್ಕಿಂತ ಮರ್ಯಾದೆಯ ನೆಪ ಯಾವುದಿದೆ! ಅದೇ ಹಬ್ಬದಲ್ಲಿ ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಅದಕ್ಕೆ ಮೇರಾ ಎನ್ನುತ್ತಾರೆ. ಮಲೆನಾಡಿನ ಗಂಡಸರು, ತಾಂಡಾದ ಹುಡುಗಿಯರು, ಭಾಷೆ ಬೇರೆ, ದಾರಿ ಬೇರೆ. ಕೈಯಲ್ಲಿರುವುದು ಮಾತ್ರ ದೀಪ ಮತ್ತು ಹಾಡು.

ಇವನ್ನೆಲ್ಲ ಬರೆದಿಟ್ಟವರ ಪುಣ್ಯವೂ ದೊಡ್ಡದು. ನಮ್ಮ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ ಅವರು ಸ್ವಾತಂತ್ರ್ಯ ಹೋರಾಟದಲ್ಲೂ ಇದ್ದರು, ಹಳ್ಳಿಯ ಹಾಡುಗಳನ್ನೂ ಸಂಗ್ರಹಿಸಿದರು. ಅವರಿಗೆ ಈ ಎರಡು ಕೆಲಸ ಬೇರೆಬೇರೆ ಅನಿಸಿರಲಾರದು.

ಹಾಡಿನಿಂದ ಸಮಾಜ ಬದಲಾದದ್ದು ಎಲ್ಲಾದರೂ ಉಂಟಾ?

ಹಾಡಿನಿಂದ ಮಾತ್ರ ಬದಲಾದದ್ದು ಎಲ್ಲೂ ಇಲ್ಲ. ಹಾಡಿಲ್ಲದೆ ನಡೆದ ಚಳವಳಿಯೂ ಹೆಚ್ಚು ಸಿಗುವುದಿಲ್ಲ.

ದೂರದ ಒಂದು ಉದಾಹರಣೆ ನೋಡಿ. ಎಸ್ಟೋನಿಯಾ ಎಂಬ ಪುಟ್ಟ ದೇಶ ಸೋವಿಯತ್ ಒಕ್ಕೂಟದಲ್ಲಿತ್ತು. ಅಲ್ಲಿ 1869ರಿಂದಲೂ ಊರೂರಿನ ಗಾಯನ ತಂಡಗಳು ಒಂದೆಡೆ ಸೇರಿ ಹಾಡುವ ಹಬ್ಬವಿತ್ತು. ಸೋವಿಯತ್ ಆಡಳಿತ ಅವರ ಬಾವುಟ ನಿಷೇಧಿಸಿತು, ಹಾಡಿನ ಹಬ್ಬವನ್ನು ಪೂರ್ತಿ ನಿಲ್ಲಿಸಲು ಹೋಗಲಿಲ್ಲ. 1988ರ ಸೆಪ್ಟೆಂಬರಿನಲ್ಲಿ ರಾಜಧಾನಿ ತಾಲಿನ್‌ನ ಹಾಡಿನ ಬಯಲಿನಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದರು. ಆಗ ಇಡೀ ದೇಶದ ಜನಸಂಖ್ಯೆ ಹದಿನೈದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯೊಂದರಲ್ಲೇ 17 ಲಕ್ಷಕ್ಕೂ ಮೇಲೆ ಜನರಿದ್ದರು ಎಂದರೆ ಲೆಕ್ಕ ಹಾಕಿ. ಮರುವರ್ಷ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಕಡೆಯ ಸುಮಾರು ಇಪ್ಪತ್ತು ಲಕ್ಷ ಜನ ಕೈ ಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸರಪಳಿ ಮಾಡಿದರು. 1991ರಲ್ಲಿ ಸ್ವಾತಂತ್ರ್ಯ ಬಂತು. ಸೋವಿಯತ್ ಒಕ್ಕೂಟವೇ ಒಳಗಿನಿಂದ ಸಡಿಲವಾಗಿತ್ತು, ಅದೂ ನಿಜ. ಆದರೆ ನೂರಿಪ್ಪತ್ತು ವರ್ಷ ಒಟ್ಟಿಗೆ ಹಾಡಿ ರೂಢಿ ಇದ್ದ ಜನಕ್ಕೆ ಒಟ್ಟಿಗೆ ಬೀದಿಗೆ ಬರುವುದು ಹೊಸದಾಗಿರಲಿಲ್ಲ.

ಅಮೆರಿಕದ ಕರಿಯರ ಹಕ್ಕಿನ ಹೋರಾಟದಲ್ಲಿ ಚರ್ಚಿನ ಹಾಡುಗಳೇ ಮಾತು ಬದಲಿಸಿಕೊಂಡು ಬೀದಿಗೆ ಬಂದವು. ಜಾರ್ಜಿಯಾದ ಆಲ್ಬನಿ ಊರಿನಲ್ಲಿ 1961-62ರಲ್ಲಿ ಜನರನ್ನು ಸಾಲುಸಾಲಾಗಿ ಜೈಲಿಗೆ ತುಂಬಿದಾಗ ಅವರು ಒಳಗೂ ಹಾಡಿದರು. ಆ ಚಳವಳಿಯಿಂದಲೇ 1962ರಲ್ಲಿ ಒಂದು ಹಾಡಿನ ತಂಡ ಹೊರಟು ದೇಶ ಸುತ್ತಿತು. ಅವತ್ತಿನ ‘ವಿ ಶಲ್ ಓವರ್‌ಕಮ್’ ಎಂಬ ಹಾಡು ಹಿಂದಿಗೂ ಕನ್ನಡಕ್ಕೂ ಬಂದು ಈಗ ನಮ್ಮ ಶಾಲೆಗಳ ಆಗಸ್ಟ್ 15ರ ಹಾಡಾಗಿದೆ. ಹಾಡುವ ಮಕ್ಕಳಿಗೆ ಅದು ಎಲ್ಲಿಂದ ಬಂತೆಂದು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಈಗ ನಮ್ಮ ಮನೆಗೆ ಬರೋಣ. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದದ್ದು ಹಾಡಿನ ಜೊತೆಗೆ. ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕದಿಂದ ಎದ್ದು ಬಂದು ಮೆರವಣಿಗೆಯ ಬಾಯಿಗೆ ಸೇರಿದವು. ಓದು ಬಾರದ ಕೂಲಿಯವರಿಗೂ ಅವು ಬಾಯಿಪಾಠ ಆಗಿದ್ದವು. ಅದೇ ಕಾಲಕ್ಕೆ ‘ಸಮುದಾಯ’ ಎಂಬ ರಂಗತಂಡದವರು ಬೀದಿ ನಾಟಕ, ಹಾಡು ಹಿಡಿದು ಜಾಥಾ ಹೊರಟರು. 1980ರಲ್ಲಿ ಹುಟ್ಟಿದ ರೈತ ಸಂಘದ ಸಭೆಗಳಲ್ಲಿ ಭಾಷಣಕ್ಕಿಂತ ಮೊದಲು ಹಾಡು. 1990ರ ಸುಮಾರಿಗೆ ಸಾಕ್ಷರತಾ ಆಂದೋಲನ ಬಂದಾಗ ಕಲಾಜಾಥಾದವರು ಹಳ್ಳಿಹಳ್ಳಿಗೆ ಬಂದು ಹಾಡಿ ಜನರನ್ನು ಸ್ಲೇಟು ಹಿಡಿಯಲು ಕರೆದರು. ನಮ್ಮ ಬಳಗದ ಹಿರಿಯರಲ್ಲಿ ಅರ್ಧ ಜನ ಆ ಜಾಥಾದಲ್ಲಿ ಧೂಳು ಕುಡಿದವರೇ.

ಸಾಕ್ಷರತೆಯಿಂದ ಏನೇನು ಹೊರಟಿತು ನೋಡಿ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಊರಿನ ಹೆಂಗಸರು ರಾತ್ರಿ ಶಾಲೆಗೆ ಬಂದರು, ಒಟ್ಟಿಗೆ ಕೂತು ಓದಿದರು, ಮಾತಾಡಿಕೊಂಡರು, ಕೊನೆಗೆ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಜಿಲ್ಲೆಗೆ, ರಾಜ್ಯಕ್ಕೆ ಹಬ್ಬಿ 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಮದ್ಯ ನಿಂತಿಲ್ಲ ಎನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ ಎಂದು ಹೆಂಗಸರು ಇವತ್ತಿಗೂ ಬೀದಿಗೆ ಇಳಿಯುತ್ತಿದ್ದಾರೆ, ಹಾಡುತ್ತಿದ್ದಾರೆ.

ನಮ್ಮೂರಲ್ಲಿ ಭಜನೆ ಮಂಡಳಿ ಇದೆಯಲ್ಲ. ಬೇರೆ ಗುಂಪು ಯಾಕೆ?

ನಿಮ್ಮ ಭಜನೆ ಮನೆಯೊಳಗೆ ಊರಿನ ಎಲ್ಲ ಕೇರಿಯವರೂ ಬಂದು ಒಂದೇ ಚಾಪೆಯ ಮೇಲೆ ಕೂತು ತಾಳ ಹಿಡಿಯುತ್ತಾರಾ? ಹೌದಾದರೆ ಬೇರೆ ಗುಂಪು ಬೇಡವೇ ಬೇಡ. ಅಲ್ಲೇ ಹಾಡಿ.

ಇಲ್ಲವಾದರೆ ಸಮಸ್ಯೆ ಅಲ್ಲಿದೆ. ಒಟ್ಟಿಗೆ ಹಾಡಿದರೆ ಸಮುದಾಯ ಕಟ್ಟುತ್ತದೆ ಎನ್ನುವುದು ನಿಜ. ಯಾವ ಸಮುದಾಯ ಎಂದು ಕೇಳುವುದನ್ನು ಜನ ಮರೆಯುತ್ತಾರೆ. ಒಂದೇ ಜಾತಿಯವರು ನೂರು ವರ್ಷ ಒಟ್ಟಿಗೆ ಹಾಡಿದರೂ ಆ ಜಾತಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಅದಕ್ಕೆ ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಕೇಳುವುದು ಜಾಗದ ಬಗ್ಗೆ. ದೇವಸ್ಥಾನದ ಪ್ರಾಂಗಣಕ್ಕೆ ಕೆಲವರು ಬರಲು ಹಿಂಜರಿಯುತ್ತಾರೆ. ಯಾರದೋ ದೊಡ್ಡ ಮನೆಯ ಜಗಲಿಯಲ್ಲಿ ಸೇರಿದರೆ ಕೂಲಿಯವರು ಅಂಗಳದಲ್ಲೇ ನಿಲ್ಲುತ್ತಾರೆ. ಶಾಲೆ ಒಳ್ಳೆಯ ಜಾಗ. ಅಂಗನವಾಡಿ, ಹಾಲಿನ ಡೇರಿಯ ಕಟ್ಟಡ, ಪಂಚಾಯ್ತಿ ಲೈಬ್ರರಿಯೂ ಆಗುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಕಾಲಿಡಬಹುದಾದ ಜಾಗ ಬೇಕು.

ಎರಡನೆಯದು, ವೃತ್ತಾಕಾರದಲ್ಲಿ ಕೂರಿ. ಸಾಲಾಗಿ ಕೂತರೆ ಮುಂದಿನ ಸಾಲು ಯಾರದು ಎಂದು ಊರಿಗೇ ಗೊತ್ತಿರುತ್ತದೆ. ಮೂರನೆಯದು ಚಹಾ. ಎಲ್ಲರಿಗೂ ಒಂದೇ ಥರದ ಲೋಟ, ಸರದಿ ಮೇಲೆ ಎಲ್ಲರ ಮನೆಯಿಂದ. ಹಾಡು ಹಾಡಿ ಚಹಾ ಕುಡಿಯದೆ ಎದ್ದು ಹೋಗುವವರು ಮೊದಮೊದಲು ಇರುತ್ತಾರೆ. ಅವರನ್ನು ಎಲ್ಲರ ಮುಂದೆ ಕೇಳಿ ಮುಜುಗರ ಮಾಡಬೇಡಿ, ಹಾಗಂತ ಚಹಾದ ಪದ್ಧತಿಯನ್ನೂ ಬದಲಿಸಬೇಡಿ.

ತಮಟೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ. ಆದರೆ ಯಾರ ಕೈಗೆ ಕೊಡುತ್ತೀರಿ ಎಂದು ಯೋಚಿಸಿ.

ಹಬ್ಬಕ್ಕೆ, ಸಾವಿಗೆ ತಮಟೆ ಬಡಿಯುವುದು ನಮ್ಮ ಹಳ್ಳಿಗಳಲ್ಲಿ ಒಂದು ಕೇರಿಯವರ ಮೇಲೆ ಹೇರಿದ್ದ ಬಿಟ್ಟಿ ಚಾಕರಿಯಾಗಿತ್ತು. ಬಡಿಯುವುದಿಲ್ಲ ಎಂದವರಿಗೆ ಬಹಿಷ್ಕಾರ ಹಾಕಿದ ಸುದ್ದಿ ಈಗಲೂ ಬರುತ್ತದೆ. ದಲಿತ ಚಳವಳಿ ಬಂದಾಗ ಕೆಲವರು ‘ಇನ್ನು ಮುಟ್ಟುವುದಿಲ್ಲ’ ಎಂದು ತಮಟೆ ಬಿಟ್ಟರು. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಹಾಡಿಗೆ, ತಮ್ಮ ಹೆಮ್ಮೆಗೆ ಬಡಿದರು. ಎರಡೂ ಸರಿಯೇ. ನಿಮ್ಮ ಗುಂಪಿಗೆ ಆ ಕೇರಿಯ ಹುಡುಗ ಬಂದ ತಕ್ಷಣ ‘ನೀನು ತಮಟೆ ಹಿಡಿ’ ಎಂದರೆ ಅವನ ಅಜ್ಜನಿಗೆ ಊರ ಗೌಡ ಹೇಳಿದ್ದನ್ನೇ ನೀವೂ ಹೇಳಿದಂತೆ. ಅವನಿಗೆ ಹಾರ್ಮೋನಿಯಂ ಇಷ್ಟವಿರಬಹುದು, ಕೇಳಿ. ತಮಟೆ ಕಲಿಯಬೇಕೆಂಬ ಬೇರೆ ಕೇರಿಯ ಹುಡುಗಿ ಇದ್ದರೆ, ಬಲ್ಲವರನ್ನು ಮೇಷ್ಟ್ರಾಗಿ ಕರೆಸಿ, ಸಂಗೀತದ ಮೇಷ್ಟ್ರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ತಮಟೆ ಕಾಯಿಸುವುದಕ್ಕೆ ಬೆಂಕಿ ಬೇಕು, ಮಲೆನಾಡಿನ ಮಳೆಯಲ್ಲಿ ಚರ್ಮ ಸಡಿಲಾಗುತ್ತದೆ. ಮಳೆಗಾಲದಲ್ಲಿ ದಮ್ಮಡಿ, ಕಂಜರಕ್ಕೂ ಇದೇ ಪಾಡು.

ಹೆಂಗಸರು ಬರಲಿ ಅಂತ ಏನು ಮಾಡಬೇಕು?

ಗಡಿಯಾರ ನೋಡಿ. ಹಸು ಸಾಕಿದ ಮನೆಯವರು ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರಬೇಕು. ಆಮೇಲೆ ರಾತ್ರಿ ಅಡುಗೆ. ಈ ಎರಡರ ನಡುವೆ ಸಿಗುವ ಹೊತ್ತು ಬಹಳ ಸಣ್ಣದು. ಕೆಲವು ಊರಿನಲ್ಲಿ ಮಧ್ಯಾಹ್ನ ಮೂರು ಗಂಟೆಯೇ ಸರಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ, ಸಕಲೇಶಪುರ, ಮೂಡಿಗೆರೆ ಕಡೆ ಯಾರನ್ನೂ ಕರೆಯಲೇಬೇಡಿ. ಬಯಲು ಕಡೆ ರಾಗಿ ಕಟಾವು ಮುಗಿಯಲಿ. ಸ್ತ್ರೀಶಕ್ತಿ ಸಂಘದ ವಾರದ ಸಭೆ ಹೇಗೂ ಪ್ರಾರ್ಥನೆಯಿಂದ ಶುರುವಾಗುತ್ತದೆ, ಅದಕ್ಕೆ ಇನ್ನೊಂದರ್ಧ ಗಂಟೆ ಸೇರಿಸಿಕೊಂಡರೂ ಆಯಿತು.

ಸೋಬಾನೆ ಹೇಳುವ ಹಿರಿಯಕ್ಕಂದಿರನ್ನು ಮೊದಲು ಕರೆಯಿರಿ. ‘ನಮಗೇನು ಬರ್ತದೆ ಬಿಡಿ’ ಎನ್ನುತ್ತಲೇ ರಾತ್ರಿಯಿಡೀ ಹೇಳುವಷ್ಟು ಹಾಡು ಅವರ ಬಾಯಲ್ಲಿರುತ್ತದೆ. ಮದುವೆ ಛತ್ರಗಳಲ್ಲಿ ಡಿಜೆ ಬಂದ ಮೇಲೆ ಅವರನ್ನು ಕೇಳುವವರು ಇಲ್ಲ. ಅವರು ಸಾಲು ಎತ್ತಲಿ, ಕಾಲೇಜು ಓದುವವರು ಸೊಲ್ಲು ಹಿಡಿಯಲಿ. ಗ್ರಾಮಸಭೆಯಲ್ಲಿ ಮೂಲೆಯಲ್ಲಿ ನಿಲ್ಲುವ ಹೆಂಗಸು ನಲವತ್ತು ಜನರಿಗೆ ಸಾಲು ಹೇಳಿಕೊಟ್ಟ ಮೇಲೆ ಸ್ವಲ್ಪ ಬೇರೆ ಥರ ನಿಲ್ಲುತ್ತಾಳೆ. ನಮ್ಮ ಬಳಗದ ಒಬ್ಬರು ಹಾಗೆಯೇ. ಅವರ ಊರಿನ ಸಂಜೆ ಬಸ್ಸು ನಿಂತುಹೋದಾಗ ಅರ್ಜಿ ಬರೆಸಿ, ಜೊತೆಗಾರ್ತಿಯರನ್ನು ಕರೆದುಕೊಂಡು ಹೋಗಿ ಕೊಟ್ಟು ಬಂದರು. ಅಲ್ಲಿ ಅವರು ಹಾಡಲೇನೂ ಇಲ್ಲ. ಜೋರಾಗಿ ಮಾತಾಡಿದರು.

ಯಾವ ಹಾಡು ಆರಿಸಬೇಕು?

ಎಲ್ಲರ ಕಿವಿಗೂ ಪರಿಚಯವಿರುವ ಧಾಟಿಯಿಂದ ಶುರು ಮಾಡಿ. ನಾಡಗೀತೆ ಎಲ್ಲರಿಗೂ ಬರುತ್ತದೆ. ಕುವೆಂಪು ಹುಟ್ಟಿದ್ದು ನಮ್ಮ ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂದು ಮಕ್ಕಳಿಗೆ ಹೇಳಲು ಅದೊಂದು ನೆಪವೂ ಆಗುತ್ತದೆ. ಅದು 2004ರಲ್ಲಿ ನಾಡಗೀತೆ ಆಯಿತು. ಎಷ್ಟು ಹೊತ್ತು, ಯಾವ ಧಾಟಿ ಎಂಬ ಜಗಳ ಎಷ್ಟೋ ವರ್ಷ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಸರ್ಕಾರ ಆದೇಶ ಮಾಡಿತು. ಇಡೀ ನಾಡು ಒಟ್ಟಿಗೆ ಹಾಡಬೇಕೆಂದರೆ ಇಷ್ಟು ತಲೆನೋವು ಇದ್ದೇ ಇರುತ್ತದೆ.

ಆಮೇಲೆ ನಿಮ್ಮದೇ ಹಾಡು ಕಟ್ಟಿ. ಕೋಲಾಟದ ಅಥವಾ ಸೋಬಾನೆಯ ಧಾಟಿ ತೆಗೆದುಕೊಂಡು ಊರಿನ ಸಂಗತಿ ತುಂಬಿ. ಕೆರೆಗೆ ಕಸ ಸುರಿಯುವುದು, ಆನೆ ಬಂದು ಗದ್ದೆ ತುಳಿದದ್ದು, ಆಲೂಗಡ್ಡೆ ಬೆಲೆ ಬಿದ್ದದ್ದು, ಪಿಯುಸಿ ಆದ ಮೇಲೆ ಹುಡುಗಿಯರನ್ನು ಓದು ಬಿಡಿಸುವುದು. ಸೊಲ್ಲು ಚಿಕ್ಕದಾಗಿರಲಿ, ಒಂದೇ ಸಲ ಕೇಳಿದರೆ ಬಾಯಿಗೆ ಬರಬೇಕು. ‘ಪರಿಸರ ಸಂರಕ್ಷಣೆ’ ಥರದ ಮಾತು ಹಾಕಿದರೆ ಹಾಡು ಅಲ್ಲೇ ಸಾಯುತ್ತದೆ. ಕೆರೆಯ ಹೆಸರು ಹಾಕಿ. ಯಾರನ್ನಾದರೂ ಹೆಸರಿಟ್ಟು ಬೈಯುವ ಹಾಡು ಮಾತ್ರ ಬೇಡ. ನಗು ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ, ಮುಂದಿನ ವಾರ ಅವರ ಕಡೆಯವರು ಒಬ್ಬರೂ ಬರುವುದಿಲ್ಲ.

ಕನ್ನಡ ಬಾರದವರನ್ನು ಸೇರಿಸಿಕೊಳ್ಳುವುದು ಹೇಗೆ?

ಕಾಫಿ ತೋಟದ ಲೈನ್ ಮನೆಗಳಲ್ಲಿ ತಮಿಳಿನವರು ತಲೆಮಾರುಗಳಿಂದ ಇದ್ದಾರೆ, ಈಗ ಅಸ್ಸಾಮಿನಿಂದಲೂ ಬಂದಿದ್ದಾರೆ. ಇನ್ನು ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗಳಲ್ಲೇ ತುಳು, ಉರ್ದು, ಬ್ಯಾರಿ, ಲಂಬಾಣಿ, ಸಂಕೇತಿ, ಕೊಂಕಣಿ, ಮಲಯಾಳಂ ಕೇಳಿಸುತ್ತದೆ. ಅವರು ಒಂದು ಹಾಡು ಕಲಿಸಲಿ, ನಾವು ಸೊಲ್ಲು ಹಿಡಿಯೋಣ. ಆಮೇಲೆ ನಮ್ಮದಕ್ಕೆ ಅವರು. ಅರ್ಥ ಕೇಳಿ ತಿಳಿದುಕೊಳ್ಳಿ, ಆಗ ಮಾತು ಶುರುವಾಗುತ್ತದೆ.

ಇದು ರಾಜಕೀಯ ಆಗುವುದಿಲ್ವಾ?

ಕೆರೆ, ಬಸ್ಸು, ಕುಡಿಯುವ ನೀರು ಎಂದರೆ ರಾಜಕೀಯವೇ. ಪಕ್ಷದ ಕೆಲಸ ಆಗಬಾರದು ಎನ್ನುವುದು ಬೇರೆ ಮಾತು. ಚುನಾವಣೆ ಹತ್ತಿರ ಬಂದಾಗ ‘ನಮ್ಮ ಸಭೆಗೆ ಬಂದು ಎರಡು ಹಾಡು ಹೇಳಿ’ ಎಂದು ಎಲ್ಲ ಪಕ್ಷದವರೂ ಕರೆಯುತ್ತಾರೆ, ಊಟ, ಗಾಡಿ ಕೊಡುತ್ತಾರೆ. ಒಂದು ಕಡೆ ಹೋದರೆ ಗುಂಪು ಒಡೆಯಿತು ಎಂದೇ ಲೆಕ್ಕ. ನಾವು ಯಾರಲ್ಲಿಗೂ ಹೋಗುವುದಿಲ್ಲ. ಒಬ್ಬೊಬ್ಬರಾಗಿ ಯಾರು ಯಾವ ಸಭೆಗೆ ಹೋದರೂ ಕೇಳುವುದಿಲ್ಲ.

ಹಾಡು ಜನರನ್ನು ಒಡೆಯುವುದಕ್ಕೂ ಬಳಕೆಯಾಗುತ್ತದಲ್ಲ?

ಹೌದು. ಈ ಪ್ರಶ್ನೆ ಕೇಳುವವರು ಕಡಿಮೆ. ಇದನ್ನು ಎಲ್ಲರೂ ಕೇಳಬೇಕಿತ್ತು.

ಎದೆಬಡಿತ ಒಂದೇ ಲಯಕ್ಕೆ ಬರುವುದಕ್ಕೆ ಹಾಡಿನ ಮಾತು ಒಳ್ಳೆಯದೋ ಕೆಟ್ಟದೋ ಎಂಬುದು ಬೇಕಿಲ್ಲ. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆದಾಗ ಅಲ್ಲಿನ ಒಂದು ರೇಡಿಯೊ ಜನ ಮೆಚ್ಚಿದ ಹಾಡುಗಳ ನಡುವೆ ಕೊಲೆಗೆ ಕರೆ ಕೊಡುತ್ತಿತ್ತು. ಅಷ್ಟು ದೂರ ಯಾಕೆ, ಮೆರವಣಿಗೆಯಲ್ಲಿ ಬೇರೆ ಧರ್ಮದವರ ಗುಡಿ, ಮಸೀದಿ ಎದುರು ಬಂದಾಗ ಬೇಕೆಂದೇ ಡಿಜೆ ಸದ್ದು ಏರಿಸಿ ಕುಣಿಯುವುದನ್ನು ನಾವೇ ನೋಡಿದ್ದೇವೆ. ಆ ಹುಡುಗರಿಗೂ ಒಗ್ಗಟ್ಟಿನ ಖುಷಿ ನಿಜವಾಗಿಯೇ ಆಗಿರುತ್ತದೆ. ಅದಕ್ಕೇ ಭಯ. ನಮ್ಮಲ್ಲಿ ಹೊಸ ಹಾಡು ತರುವವರಿಗೆ ಒಂದು ಪ್ರಶ್ನೆ ಇಟ್ಟಿದ್ದೇವೆ: ಈ ಹಾಡನ್ನು ಇಲ್ಲಿ ಕೂತಿರುವ ಪ್ರತಿಯೊಬ್ಬರ ಎದುರಿಗೂ ಹಾಡಬಹುದಾ? ಒಬ್ಬರ ಮುಖ ನೋಡಿ ಹಿಂಜರಿಕೆ ಆದರೂ ಆ ಹಾಡು ಬೇಡ.

ಗಂಡಸರು, ಹೆಂಗಸರು, ಮಕ್ಕಳು ಒಂದೇ ಶ್ರುತಿಯಲ್ಲಿ ಹೇಗೆ ಹಾಡುತ್ತಾರೆ?

ಗುಂಪಿನ ಹಿರಿಯ ಹೆಂಗಸು ಸಲೀಸಾಗಿ ಎತ್ತಿದ ದನಿಯಲ್ಲೇ ಶುರು ಮಾಡಿ. ಗಂಡಸರು ಕೆಳಗಿನ ಸ್ಥಾಯಿಯಲ್ಲಿ ಸೇರಿಕೊಳ್ಳಲಿ. ತೀರಾ ಮೇಲೆ ಹೋಗುವ ಸಿನಿಮಾ ಹಾಡು ಬೇಡ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಟ್ಟರೆ ಸಾಕು, ಶ್ರುತಿ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ.

ಮೈಕ್ ಬೇಕಾ?

ಅಭ್ಯಾಸಕ್ಕೆ ಖಂಡಿತ ಬೇಡ. ಮೈಕ್ ಬಂದ ಕೂಡಲೇ ಒಬ್ಬರು ಹಾಡುವವರು, ಉಳಿದವರು ಕೇಳುವವರು ಆಗಿಬಿಡುತ್ತಾರೆ. ಬಯಲಿನಲ್ಲಿ ಕಾರ್ಯಕ್ರಮ ಮಾಡಿದರೆ ಪೊಲೀಸ್ ಅನುಮತಿ ತೆಗೆದುಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ.

ರೆಕಾರ್ಡ್ ಮಾಡಿ ರೀಲ್ಸ್ ಹಾಕಬಹುದಾ?

ನಮ್ಮಲ್ಲಿ ಅಭ್ಯಾಸದ ಹೊತ್ತಿನಲ್ಲಿ ಮೊಬೈಲ್ ಚೀಲದೊಳಗೆ. ಮನೆಯಲ್ಲಿ ಹೇಳದೆ ಬರುವ ಹುಡುಗಿಯರಿದ್ದಾರೆ, ಸೊಸೆಯರಿದ್ದಾರೆ. ಒಂದು ವಿಡಿಯೊ ಅವರ ಬರುವಿಕೆಯನ್ನೇ ನಿಲ್ಲಿಸಬಹುದು. ಕಲಿಯುವುದಕ್ಕೆ ಧಾಟಿಯ ಆಡಿಯೊ ಮಾತ್ರ ವಾಟ್ಸಾಪಿನಲ್ಲಿ ಹಾಕಿಕೊಳ್ಳುತ್ತೇವೆ. ಹಿರಿಯರು ಹೇಳಿದ ಹಳೇ ಪದವಾದರೆ ಯಾರು ಹೇಳಿದ್ದು, ಯಾವ ಊರು ಎಂದು ಅವರನ್ನು ಕೇಳಿಯೇ ಬರೆದಿಡುತ್ತೇವೆ. ಅದನ್ನು ಆಮೇಲೆ ಯಾರೋ ತಮ್ಮದೆಂದು ಕ್ಯಾಸೆಟ್ಟು, ಯೂಟ್ಯೂಬ್ ಮಾಡಿಕೊಂಡದ್ದು ಕರ್ನಾಟಕದಲ್ಲಿ ಹೊಸದೇನಲ್ಲ.

ಶುರುವಿನಲ್ಲಿ ಜನ ಬರುತ್ತಾರೆ, ಆಮೇಲೆ ಕರಗುತ್ತಾರೆ. ಏನು ಮಾಡುವುದು?

ಕರಗುತ್ತಾರೆ. ಮೊದಲ ತಿಂಗಳ ಹುರುಪು ಯಾವ ಊರಲ್ಲೂ ಉಳಿಯುವುದಿಲ್ಲ. ಜುಲೈ ಮಳೆಗೆ ಮಲೆನಾಡಿನಲ್ಲಿ ಕರೆಂಟ್ ಇರುವುದಿಲ್ಲ, ದಾರಿ ಇರುವುದಿಲ್ಲ. ಐದಾರು ಜನ ಉಳಿದರೂ ಹಾಡಿ. ಬರದವರ ಮನೆಗೆ ‘ಯಾಕೆ ಬರಲಿಲ್ಲ’ ಎಂದು ಕೇಳುವುದಕ್ಕೆ ಹೋಗಬೇಡಿ, ‘ಹುಷಾರಾಗಿದ್ದೀರಾ’ ಎಂದು ಕೇಳುವುದಕ್ಕೆ ಹೋಗಿ. ಯಾರದಾದರೂ ಮನೆಯಲ್ಲಿ ಸಾವು ಆದರೆ, ಹೆರಿಗೆ ಆದರೆ ಗುಂಪಾಗಿ ಹೋಗಿ ಬನ್ನಿ. ಹಾಡುವುದು ಆಮೇಲೆ ನೋಡಿಕೊಳ್ಳಬಹುದು. ಜಗಳವಾದರೂ ಗಾಬರಿ ಬೇಡ. ಯಾರು ಸಾಲು ಎತ್ತಬೇಕು ಎಂಬ ವಿಷಯಕ್ಕೇ ಹೆಚ್ಚಿನ ಜಗಳ ಬರುವುದು, ಅದಕ್ಕೆ ಸರದಿ ಇಡಿ. ಚೆನ್ನಾಗಿ ಹಾಡುವವರಿಗೆ ಇದರಿಂದ ಸ್ವಲ್ಪ ಬೇಸರವಾಗುತ್ತದೆ. ಆಗಲಿ.

ದುಡ್ಡು ಎಷ್ಟು ಬೇಕು?

ಚಹಾಪುಡಿ, ಸಕ್ಕರೆ, ಹಾಲು. ಒಂದು ದಮ್ಮಡಿ, ಎರಡು ಜೊತೆ ತಾಳ. ಹಾಡು ಬರೆಯಲು ಇನ್ನೂರು ಪುಟದ ಒಂದು ನೋಟ್‌ಬುಕ್. ದೊಡ್ಡ ದೇಣಿಗೆ ಕೊಡುತ್ತೇವೆ ಎಂದು ಬರುವವರು ಸಾಮಾನ್ಯವಾಗಿ ಒಂದು ಬ್ಯಾನರನ್ನೂ ಜೊತೆಗೆ ತರುತ್ತಾರೆ. ನಾವು ಹತ್ತು ಹತ್ತು ರೂಪಾಯಿ ಹಾಕಿಕೊಳ್ಳುತ್ತೇವೆ, ಇಲ್ಲದವರು ಹಾಕುವುದಿಲ್ಲ. ಲೆಕ್ಕವನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯುತ್ತೇವೆ, ಯಾರು ಬೇಕಾದರೂ ತೆಗೆದು ನೋಡಬಹುದು.